ಕೂರದ ತಿಜಾನಿ

ಐನ್ ಸಫ್ಸಾಫ್ ಊರಿನಲ್ಲಿ ತಿಜಾನಿ ಕೂತದ್ದನ್ನು ಕಂಡವರಿಲ್ಲ. ಅವನು ಅಲ್ಲಿನ ಪುರಸಭೆಯ ಬಾಗಿಲು ಕಾಯುವ ಜವಾನ. ಸರ್ಕಾರ ಅವನಿಗೊಂದು ಕುರ್ಚಿ ಕೊಟ್ಟಿತ್ತು, ಆದರೆ ಅದರ ಮೇಲೆ ಕೂರುತ್ತಿದ್ದದ್ದು ಅವನ ಕೋಟು. ಬಂದವರು ಅಧ್ಯಕ್ಷರಿರಲಿ, ಜನನ ಪತ್ರಕ್ಕೆ ಅಲೆಯುವ ಕುರಿಗಾಹಿಯಿರಲಿ, ತಿಜಾನಿ ಎದ್ದು ನಿಂತೇ ಇರುತ್ತಿದ್ದ. ಹಿರಿಯರು ಬಂದಾಗ ಏಳದವನು ಮನುಷ್ಯನೇ ಅಲ್ಲ ಎಂದು ನಂಬಿದ ಊರು ಅದು. ಅಂಥ ಊರಿನಲ್ಲಿ, ಯಾರೂ ಬರುವ ಮೊದಲೇ ಎದ್ದಿರುವವನಿಗೆ ಎಷ್ಟು ಬೆಲೆ ಬರಬೇಕೋ ಅಷ್ಟೂ ಬಂದಿತ್ತು.

ಆ ಬೆಲೆಯನ್ನು ಊರಿಗೆಲ್ಲ ಸಾರಿದವನು ಹಾಜಿ ಮಖ್ಲೂಫ್. ಎಣ್ಣೆ ಗಾಣಗಳ ಒಡೆಯ, ಕಾಫಿ ಅಂಗಡಿಯಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ನ್ಯಾಯ ಹೇಳುವ ಮುದುಕ. ಅವನ ಕಣ್ಣಿಗೆ ಈ ಕಾಲದ ಹುಡುಗರೆಲ್ಲ ಕೆಟ್ಟವರು, ಯಾಕೆಂದರೆ ಅವನು ಒಳಗೆ ಕಾಲಿಟ್ಟರೆ ಅವರು ಅರ್ಧ ಎದ್ದಂತೆ ಮಾಡಿ ಮತ್ತೆ ಕೂರುತ್ತಾರೆ. "ತಿಜಾನೀನ ನೋಡಿ ಕಲೀರೋ" ಎನ್ನುವುದು ಅವನ ಮಾಮೂಲಿ ಬೈಗುಳ. ಹೀಗೆ ಒಬ್ಬ ಜವಾನನ ಹೆಸರು ಊರಿನ ಗಂಡುಹುಡುಗರ ಪಾಲಿಗೆ ಬೆತ್ತವಾಗಿತ್ತು. ಆ ಹುಡುಗರಿಗೆ ತಿಜಾನಿಯ ಮೇಲೆ ಎಂಥ ಪ್ರೀತಿ ಇದ್ದಿರಬಹುದು ಎಂದು ಬೇರೆ ಹೇಳಬೇಕಾಗಿಲ್ಲ.

ನಿಜ ಸಂಗತಿ ಏನೆಂದರೆ, ತಿಜಾನಿ ಕೂತರೆ ಏಳಲಾರ.

ಇಪ್ಪತ್ತೆಂಟನೆಯ ವಯಸ್ಸಿನಲ್ಲಿ, ಯಾರದೋ ಮದುವೆಯ ಊಟದಲ್ಲಿ ಅದು ಅವನಿಗೆ ತಿಳಿದುಬಂತು. ಗಿಡ್ಡ ಮೇಜಿನ ಸುತ್ತ ನೆಲದ ಮೇಲೆ ಕೂತು ಎಲ್ಲರೂ ಕುಸ್ಕುಸ್ ಮುಗಿಸಿದರು, ಎಲ್ಲರೂ ಎದ್ದರು. ಇವನ ತೊಡೆಗಳು ಮಾತ್ರ, ಯಾರೋ ಹೇಳಿದ ಕೆಲಸ ಕೇಳಿಸಲೇ ಇಲ್ಲವೆನ್ನುವ ಆಳಿನ ಹಾಗೆ, ಸುಮ್ಮನೆ ಬಿದ್ದಿದ್ದವು. "ಹೊಟ್ಟೆ ಭಾರ ಆಯ್ತು" ಎಂದು ನಕ್ಕು, ಎಲ್ಲರೂ ಕೈ ತೊಳೆಯಲು ಹೋಗುವವರೆಗೆ ಕಾದು, ತನ್ನದೇ ಮೊಣಕಾಲು, ತನ್ನದೇ ತೊಡೆಗಳನ್ನು ಏಣಿಯಂತೆ ಹಿಡಿದು ಮೇಲೆ ಹತ್ತಿಬಂದ. ಸೊಂಟದ, ಹೆಗಲಿನ ಸ್ನಾಯುಗಳು ಮೆಲ್ಲಮೆಲ್ಲಗೆ ಕರಗಿಹೋಗುವ ಕಾಯಿಲೆ ಅದು. ಅದಕ್ಕೊಂದು ಹೆಸರಿದೆಯೆಂದು ಅವನಿಗೆ ಆಗ ಗೊತ್ತಿರಲಿಲ್ಲ, ಗೊತ್ತಾಗುವುದು ಬೇಕಾಗಿಯೂ ಇರಲಿಲ್ಲ. ಅವನ ದೊಡ್ಡಪ್ಪನೊಬ್ಬ ಮುಪ್ಪಿಗೆ ಮೊದಲೇ ಹಾಸಿಗೆ ಹಿಡಿದಿದ್ದ, ಆ ಹಾಸಿಗೆಯ ಸುತ್ತ ಜನ ಆಡಿದ ಮಾತುಗಳು ಇವನ ಕಿವಿಯಲ್ಲಿದ್ದವು. ಕೂರದವನಿಗೆ ಏಳುವ ಚಿಂತೆಯಿಲ್ಲ ಎಂದು ತೀರ್ಮಾನಿಸಿದ.

ಅಲ್ಲಿಂದ ಮುಂದೆ ಅವನ ಬಾಳೆಲ್ಲ ಇದೊಂದೇ ಕಸುಬು. ಮದುವೆಗಳಲ್ಲಿ ಬಡಿಸಲು ನಿಂತ; ಎಂಥ ಸೇವಾಬುದ್ಧಿ ಎಂದರು ಜನ. ಮಸೀದಿಗೆ ಎಲ್ಲರಿಗಿಂತ ಮೊದಲು ಹೋಗಿ ಕಂಬದ ಪಕ್ಕದ ಜಾಗ ಹಿಡಿದ, ನೆಲಕ್ಕೆ ಹಣೆ ಹಚ್ಚಿದ ಮೇಲೆ ಕಂಬ ಹಿಡಿದು ಎದ್ದ, ಯಾರಿಗೂ ಕಾಣದಂತೆ ಕಡೆಯವನಾಗಿ ಹೊರಬಿದ್ದ; ಎಂಥ ಭಕ್ತಿ ಎಂದರು. ಸಾವಿನ ಮನೆಗಳಲ್ಲಿ ಬಾಗಿಲಲ್ಲಿ ನಿಂತು ಬಂದವರ ಕೈ ಹಿಡಿದ. ಎಂಥ ಕರುಳು ಎಂದರು. ದೇವರು ಅವನ ತೊಡೆಯ ಬಲವನ್ನು ಕಿತ್ತುಕೊಂಡು, ಅದರ ಬದಲಿಗೆ ಒಂದು ಸಾಲು ಸದ್ಗುಣಗಳನ್ನು ಕೊಟ್ಟುಬಿಟ್ಟ. ಕೇಳದೆ ಬಂದ ಸದ್ಗುಣ ಬೇಡವೆನ್ನಲು ಬರುವುದಿಲ್ಲ. ಪುರಸಭೆಯವರು ಒಂದು ವರ್ಷ ಅವನನ್ನು ಕರೆದು ಸನ್ಮಾನ ಮಾಡಿದರು. ಬಹುಮಾನ ಏನೆಂದರೆ ಮೆತ್ತಗಿನ, ಒಳಗೆ ಹೂತುಹೋಗುವಂಥ ಒಂದು ಆರಾಮ ಕುರ್ಚಿ. ಅದರಲ್ಲೊಮ್ಮೆ ಕೂತರೆ ತಿಜಾನಿಯನ್ನು ಎತ್ತಲು ನಾಲ್ಕು ಆಳು ಬೇಕಾಗುತ್ತಿತ್ತು. ಅದನ್ನು ಮುಂದಿನ ಕೋಣೆಯಲ್ಲಿಟ್ಟು, ಬಂದ ಅತಿಥಿಗಳನ್ನೆಲ್ಲ ಅದರಲ್ಲಿ ಕೂರಿಸಿ ತಾನು ಎದುರು ನಿಲ್ಲುತ್ತಿದ್ದ.

ಗುಟ್ಟು ಗೊತ್ತಿದ್ದವಳು ಹೆಂಡತಿ ನಜೀಹಾ ಒಬ್ಬಳೇ. ಅವಳು ಅವನ ಚಿಕ್ಕಪ್ಪನ ಮಗಳು. ಚಿಕ್ಕಪ್ಪನ ಮಗಳನ್ನು ಬಿಟ್ಟು ಹೊರಗೆ ಹೆಣ್ಣು ಹುಡುಕುವುದೆಂದರೆ ಮನೆಯ ಬಾವಿ ಬಿಟ್ಟು ಊರ ಹೊಂಡಕ್ಕೆ ಹೋದಂತೆ ಎನ್ನುವ ಮನೆತನ ಅವರದು. ಮಂಚದ ಕಾಲುಗಳ ಕೆಳಗೆ ಇಟ್ಟಿಗೆ ಇಟ್ಟವಳು ಅವಳು. ಅಡುಗೆಮನೆಯಲ್ಲಿ ಅವನು ಒರಗಿಕೊಂಡು ಉಣ್ಣಲೆಂದು ಎತ್ತರದ ಸ್ಟೂಲು ಮಾಡಿಸಿದವಳೂ ಅವಳೇ. ಮನೆಯಲ್ಲೂ ಅವನು ನಿಂತೇ ಇರುತ್ತಿದ್ದ, ಯಾಕೆಂದರೆ ಮನೆಯಲ್ಲಿ ಮಗಳಿದ್ದಳು. ದುರ್ರಾ ಅವರಿಗೆ ಒಬ್ಬಳೇ ಮಗಳು. ಅವಳ ಕಣ್ಣಿನಲ್ಲಿ ಅಪ್ಪನೆಂದರೆ ಬಾಗಿಲ ಚೌಕಟ್ಟಿಗೆ ಭುಜ ಕೊಟ್ಟು ನಿಂತ ಗಟ್ಟಿಮುಟ್ಟಾದ ಮನುಷ್ಯ. ಅವಳು ಹಾಗೆಯೇ ತಿಳಿದಿರಲಿ ಎಂಬುದೊಂದೇ ಅವನ ಆಸೆ.

ದುರ್ರಾಳಿಗೆ ಹತ್ತೊಂಬತ್ತು ತುಂಬಿತು. ಪಕ್ಕದ ಪಟ್ಟಣದಲ್ಲಿ ಲೆಕ್ಕಪತ್ರದ ತರಬೇತಿಗೆ ಹೋಗುತ್ತಿದ್ದಳು. ಬಾಯಿ ಬಡುಕಿ, ಹಾಜಿ ಮಖ್ಲೂಫನ ಕೆಮ್ಮಿನಿಂದ ಹಿಡಿದು ನಡಿಗೆಯವರೆಗೆ ಎಲ್ಲವನ್ನೂ ಅನುಕರಿಸಿ ಅಮ್ಮನನ್ನು ನಗಿಸುತ್ತಿದ್ದಳು. ಒಂದು ದಿನ ತಿಜಾನಿ ಅವಳು ಬಸ್ಸಿನ ಕಡೆಗೆ ಹೋಗುವುದನ್ನು ಹಿಂದಿನಿಂದ ನೋಡಿದ. ಸೊಂಟ ಅತ್ತಿತ್ತ ಕೊಂಚ ತೂಗುತ್ತಿತ್ತು. ಬಸ್ಸಿನ ಮೆಟ್ಟಿಲಲ್ಲಿ ಕಂಬಿಯನ್ನು ಹಿಡಿದ ಕೈ ಬೇಕಾದದ್ದಕ್ಕಿಂತ ಬಿಗಿಯಾಗಿತ್ತು. ಬೇರೆ ಅಪ್ಪಂದಿರಾದರೆ ಹುಡುಗಿ ವಯಸ್ಸಿಗೆ ಬಂದಳು, ಬಿಂಕ ಮಾಡುತ್ತಾಳೆ ಎಂದುಕೊಳ್ಳುತ್ತಿದ್ದರು. ತಿಜಾನಿಗೆ ಆ ನಡಿಗೆ ತನ್ನ ಅಂಗೈಯಷ್ಟು ಪರಿಚಯದ್ದು. ಆದರೂ ಯಾರಿಗೂ ಏನೂ ಹೇಳಲಿಲ್ಲ. ಹೇಳದಿರುವುದು ಅವನಿಗೆ ಅಷ್ಟೊಂದು ರೂಢಿಯಾಗಿತ್ತು.

ಮಗಳ ನಡಿಗೆ ಸರಿಯಿಲ್ಲವೆಂದು ಬಾಯಿಬಿಟ್ಟು ಹೇಳಿದವಳು ನಜೀಹಾ. ಅವಳು ಮಗಳನ್ನು ಕೈಹಿಡಿದು ರಾಜಧಾನಿ ತೂನಿಸ್‌ಗೆ, ನರ ಮತ್ತು ಸ್ನಾಯುಗಳ ಕಾಯಿಲೆಗಳ ಮೇಲೆ ಸಂಶೋಧನೆ ಮಾಡುವ ದೊಡ್ಡ ಆಸ್ಪತ್ರೆಗೆ ಕರೆದೊಯ್ದಳು. ಅಲ್ಲಿನ ಡಾಕ್ಟರ್ ರಫೀಕಾ ಮೂವರ ರಕ್ತವನ್ನೂ ಕೇಳಿದಳು. ಫಲಿತಾಂಶ ಬಂದಾಗ ತಿಜಾನಿಯನ್ನು ಒಬ್ಬನನ್ನೇ ಒಳಗೆ ಕರೆದು, ಕೂರಲು ಹೇಳಿದಳು. ಅವನು ಪರವಾಗಿಲ್ಲ ಎಂದ. ಡಾಕ್ಟರು ಅವನ ನಿಂತ ಭಂಗಿಯನ್ನು ಒಂದು ಸಲ ನೋಡಿ, ಮಗಳಿಗೆ ಇರುವುದೇ ನಿಮಗೂ ಇದೆ, ಅದು ನಿಮಗೆ ಬಹಳ ವರ್ಷದಿಂದ ಗೊತ್ತೂ ಇದೆ ಎಂದಳು. ಒಂದೇ ಮನೆತನದಲ್ಲಿ ಮದುವೆಯಾದದ್ದರಿಂದ ನಜೀಹಾಳ ರಕ್ತದಲ್ಲೂ ಅದರ ಅರ್ಧ ಬೀಜ ಇತ್ತು. ಅವಳಿಗೆ ಏನೂ ಆಗಿರಲಿಲ್ಲ, ಮಗಳಿಗೆ ಮಾತ್ರ ಎರಡೂ ಕಡೆಯಿಂದ ಬಳುವಳಿ ಬಂದಿತ್ತು. ತಿಜಾನಿ ಕೇಳಿಕೊಂಡದ್ದು ಒಂದೇ ಮಾತು: ನನ್ನ ವಿಷಯ ಮಗಳಿಗೆ ಹೇಳಬೇಡಿ. ರೋಗಿಯ ಗುಟ್ಟು ರೋಗಿಯದೇ ಎನ್ನುವುದು ವೈದ್ಯರ ಕಾನೂನು. ಡಾಕ್ಟರ್ ರಫೀಕಾ ನುಂಗಲಾರದ ತುತ್ತು ಬಾಯಿಗೆ ಬಿದ್ದವಳಂತೆ ಮುಖ ಮಾಡಿ ಒಪ್ಪಿಕೊಂಡಳು.

ಈ ಕಾಯಿಲೆಗೆ ಮದ್ದಿಲ್ಲ. ಆದರೆ ಒಂದು ಹೊಸ ಮದ್ದನ್ನು ಮನುಷ್ಯರ ಮೇಲೆ ಪರೀಕ್ಷಿಸುವ ಅಧ್ಯಯನ ಆಗಷ್ಟೇ ಶುರುವಾಗುವುದರಲ್ಲಿತ್ತು. ಇಡೀ ದೇಶಕ್ಕೆ ಬೆರಳೆಣಿಕೆಯ ಜಾಗಗಳು. ತಿಜಾನಿಗೆ ವಯಸ್ಸು ಮೀರಿತ್ತು; ದುರ್ರಾಳ ವಯಸ್ಸು ಸರಿ, ರಕ್ತ ಸರಿ. ಉಳಿದದ್ದು ಒಂದು ಪರೀಕ್ಷೆ. ನೆಲದ ಮೇಲೆ ಅಂಗಾತ ಮಲಗಬೇಕು, ಏನನ್ನೂ ಹಿಡಿಯದೆ ಏಳಬೇಕು, ಅದಕ್ಕೆ ಹಿಡಿದ ಹೊತ್ತನ್ನು ಅಳೆಯುತ್ತಾರೆ. ತೀರಾ ಹೆಚ್ಚು ಹೊತ್ತು ಹಿಡಿದರೆ ಮದ್ದು ಏನೂ ಮಾಡಲಾರದೆಂದು ಬಿಡುತ್ತಾರೆ. ತೀರಾ ಕಡಿಮೆಯಾದರೆ, ಮದ್ದು ಏನಾದರೂ ಮಾಡಿತೋ ಇಲ್ಲವೋ ತಿಳಿಯಲಾರದೆಂದು ಬಿಡುತ್ತಾರೆ. ಕಾಯಿಲೆ ಕೂಡ ಹದವಾಗಿರಬೇಕು. ತಿಜಾನಿಗೆ ಇದನ್ನು ಕೇಳಿ ನಗು ಬಂತು. ಜಗತ್ತಿನಲ್ಲಿ ಏಳುವುದನ್ನೇ ಅಳೆಯುವ ಜನ ಇದ್ದಾರೆಂದು, ಅದಕ್ಕೆ ಸಂಬಳವನ್ನೂ ಪಡೆಯುತ್ತಾರೆಂದು ಅವನಿಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಅವನ ಊರಿನಲ್ಲಿ ಹಾಜಿ ಮಖ್ಲೂಫ್ ಆ ಕೆಲಸವನ್ನು ಬಿಟ್ಟಿ ಮಾಡುತ್ತಿದ್ದ.

ಮೊದಲ ಪರೀಕ್ಷೆಗೆ ಅಪ್ಪ ಮಗಳು ಹೋದರು. ಅಳೆಯುವವಳು ಸಲ್ವಾ, ನಡುವಯಸ್ಸಿನ ಹೆಂಗಸು, ಕೊರಳಲ್ಲಿ ಗಡಿಯಾರ. ಮೂಲೆಯ ಮಂಚದ ಪಕ್ಕಕ್ಕೆ ಚಾಪೆ ಹಾಸಿತ್ತು. ತಿಜಾನಿಗೆ ಕುರ್ಚಿ ತೋರಿಸಿದಳು, ಅವನು ಎಂದಿನಂತೆ ನಿಂತ. ದುರ್ರಾ ಮಲಗಿದಳು, ಸಲ್ವಾ ಹೂಂ ಎಂದಳು. ದುರ್ರಾ ಮಂಚದ ಕಡೆಗೆ ಹೊರಳಿದಳು, ಉದ್ದ ಲಂಗ ಒಂದು ಸುತ್ತು ಸುತ್ತಿತು, ನೋಡುವಷ್ಟರಲ್ಲಿ ಹುಡುಗಿ ನೆಟ್ಟಗೆ ನಿಂತು ತಲೆವಸ್ತ್ರ ಸರಿಮಾಡಿಕೊಳ್ಳುತ್ತಿದ್ದಳು. ಸಲ್ವಾ ಗಡಿಯಾರ ನೋಡಿದಳು, ಹುಡುಗಿಯನ್ನು ನೋಡಿದಳು, ಮತ್ತೆ ಗಡಿಯಾರ ನೋಡಿದಳು.

ಡಾಕ್ಟರ್ ರಫೀಕಾ ತಲೆ ಕೆರೆದುಕೊಂಡಳು. ತೊಡೆಯ ಸ್ಕ್ಯಾನ್ ಚಿತ್ರವನ್ನು ಬೆಳಕಿಗೆ ಹಿಡಿದು, ಈ ಸ್ನಾಯುವಿನಲ್ಲಿ ಅರ್ಧ ಕೊಬ್ಬಾಗಿಹೋಗಿದೆ, ಹೀಗೆ ಏಳುವ ತೊಡೆ ಇದಲ್ಲ ಎಂದಳು. ಆದರೆ ನಿಯಮ ಗಡಿಯಾರವನ್ನು ಕೇಳುತ್ತದೆ, ಚಿತ್ರವನ್ನಲ್ಲ. ಅಷ್ಟು ಚೆನ್ನಾಗಿ ಎದ್ದವಳಿಗೆ ಜಾಗವಿಲ್ಲ. ಒಂದೇ ಒಂದು ಸಲ ಮರುಪರೀಕ್ಷೆಗೆ ಅವಕಾಶವಿತ್ತು, ಮುಂದಿನ ತಿಂಗಳು ಬನ್ನಿ ಎಂದಳು. ಆಗಲೂ ಹೀಗೇ ಆದರೆ ಬಾಗಿಲು ಮುಚ್ಚಿತು. "ಕಾಯಿಲೆ ಇಲ್ದೇ ಇದೆ ಅನ್ನೋರನ್ನ ಬೇಕಾದಷ್ಟು ನೋಡಿದ್ದೀನಿ ತಿಜಾನಿಯವರೇ. ನಿಮ್ಮ ಮನೇದು ಉಲ್ಟಾ."

ಊರಿಗೆ ಬಂದ ಮೇಲೆ ನಜೀಹಾ ಮಗಳ ಬಾಯಿ ಬಿಡಿಸಿದಳು. ಲಂಗದ ಮರೆಯಲ್ಲಿ ಎಡಗೈಯಿಂದ ಮಂಚದ ಕಾಲನ್ನು ಹಿಡಿದು ಎಳೆದುಕೊಂಡು ಎದ್ದಿದ್ದಳಂತೆ. ಆ ಒಂದು ಎಳೆತಕ್ಕೆ ಮೈಯೆಲ್ಲ ಸೋತು, ಮರುದಿನ ಮಂಚ ಇಳಿಯಲು ಅಮ್ಮನ ಕೈ ಬೇಕಾಯಿತು. ನಜೀಹಾ ಇದನ್ನೆಲ್ಲ ಗಂಡನಿಗೆ ಹೇಳಿದಾಗ ತಿಜಾನಿ ಮೊದಲು ಕೇಳಿದ್ದು, "ಎಡಗೈಯಲ್ಲಾ? ಆ ಸಲ್ವಾ ಎದುರಿಗೇ ಇದ್ಲಲ್ಲೇ!" ಎಂದು. ಅವನ ಧ್ವನಿಯಲ್ಲಿ ಹೆಮ್ಮೆ ಇತ್ತು. ಕಸುಬುದಾರನಿಗೆ ಕಸುಬು ಕಂಡರೆ ಹಾಗೇ. ನಜೀಹಾ ಹಿಟ್ಟಿನ ಕೈಯಲ್ಲೇ ಅವನ ಕಡೆ ತಿರುಗಿದಳು.

"ನಾಚ್ಕೆ ಆಗಲ್ವಾ ತಿಜಾನಿ? ಮದ್ದು ಕೈಯಿಂದ ಜಾರ್ತಿದೆ, ನೀನು ಶಹಬ್ಬಾಸ್ ಅಂತಿದ್ದೀಯ."

ಅವನಿಗೆ ನಾಚಿಕೆಯಾಯಿತು. ಆದರೆ ಮಗಳು ಯಾಕೆ ಹಾಗೆ ಮಾಡಿದಳೆಂಬುದು ತನಗೆ ಪೂರ್ತಿ ಅರ್ಥವಾಗಿದೆ ಎಂದೇ ಅವನು ತಿಳಿದ. ಊರಿನ ಬಾಯಿಗೆ ಹೆದರಿದ್ದಾಳೆ, ನನ್ನ ರಕ್ತವಲ್ಲವೇ. ಬೇರೆಯವರ ಮುಂದೆ ಸೋಲಬಾರದೆನ್ನುವ ಹಟ ಮೈಗೆ ಅಂಟಿದೆ. ಹಾಗಾಗಿ ಮಗಳನ್ನು ಮುಂದೆ ನಿಲ್ಲಿಸಿಕೊಂಡು, ತಾನೂ ನಿಂತುಕೊಂಡು, ಒಂದು ಉಪದೇಶ ಮಾಡಿದ. ವೈದ್ಯರ ಮುಂದೆ ಮಾನ ಅವಮಾನ ಇಲ್ಲ, ಇದ್ದದ್ದನ್ನು ಇದ್ದಂತೆ ತೋರಿಸಬೇಕು, ಮುಚ್ಚಿಟ್ಟ ಕಾಯಿಲೆ ಬಚ್ಚಿಟ್ಟ ಕೆಂಡ ಎಂದೆಲ್ಲ ಹೇಳಿದ. ಎಷ್ಟು ಚೆನ್ನಾಗಿ ಹೇಳಿದನೆಂದರೆ ಅಡುಗೆಮನೆಯಲ್ಲಿ ನಜೀಹಾಳಿಗೆ ಕೆಮ್ಮು ಬಂತು. ದುರ್ರಾ ಅಪ್ಪನ ಮುಖ ನೋಡಿ, ಆಯಿತು ಬಾಬಾ ಎಂದಳು.

ಮನೆಯಲ್ಲೇ ಅಭ್ಯಾಸ ಮಾಡಿಸುವುದೆಂದು ತೀರ್ಮಾನವಾಯಿತು. ಬಂದ ಭಾನುವಾರ ಮುಂದಿನ ಕೋಣೆಯ ದಿಂಬುಗಳನ್ನೆಲ್ಲ ಸರಿಸಿ, ನಡುವೆ ಚಾಪೆ ಹಾಕಿದರು. ದುರ್ರಾ ಮಲಗಿದಳು. ತಿಜಾನಿ ಬಾಗಿಲ ಚೌಕಟ್ಟಿಗೆ ಒರಗಿ, ಈಗ ಏನೂ ಹಿಡಿಯದೆ ಏಳು ಎಂದ. ಅವಳು ಮಿಸುಕಾಡಿದಳು, ಅಪ್ಪನನ್ನು ನೋಡಿದಳು, ಮತ್ತೆ ಮಲಗಿದಳು. ಬೆನ್ನಿಗೆ ಏನೋ ಚುಚ್ಚುತ್ತದೆ ಎಂದಳು. ಇನ್ನೊಮ್ಮೆ ಎಂದ. ಈಗ ಬಾಯಾರಿಕೆ ಬಂತು. ಮೂರನೆಯ ಸಲಕ್ಕೆ ಬೀದಿಬಾಗಿಲಲ್ಲಿ ಹಾಜಿ ಮಖ್ಲೂಫನ ಕೆಮ್ಮು ಕೇಳಿಸಿತು.

ಹಾಜಿ ಒಳಗೆ ಕಾಲಿಡುವಷ್ಟರಲ್ಲಿ ನೆಲದ ಮೇಲೆ ಯಾರೂ ಇರಲಿಲ್ಲ. ದುರ್ರಾ ಆರಾಮ ಕುರ್ಚಿಯ ತೋಳು ಹಿಡಿದು ಅದು ಹೇಗೋ ಎದ್ದು, ಚಹಾದ ತಟ್ಟೆ ಕೈಗೆತ್ತಿಕೊಂಡು, ಸಲಾಮು ಹೇಳಿ, ನಗುತ್ತ ನಿಂತಿದ್ದಳು. ತಿಜಾನಿ ನಿಂತೇ ಇದ್ದನಷ್ಟೆ. ಹಾಜಿ ಆರಾಮ ಕುರ್ಚಿಯಲ್ಲಿ ಹೂತುಕೊಂಡು, ಅಪ್ಪನನ್ನೂ ಮಗಳನ್ನೂ ನೋಡಿ ಕಣ್ಣು ತುಂಬಿಕೊಂಡ. ಈ ಕೆಟ್ಟ ಕಾಲದಲ್ಲಿ ಇಂಥದೊಂದು ಮನೆ ಉಳಿದಿದೆಯಲ್ಲ ಎಂದ. ಪೈನ್ ಬೀಜ ಹಾಕಿದ ಚಹಾ ಕುಡಿದು, ಹವೆಯ ಬಗ್ಗೆ, ಈ ವರ್ಷದ ಆಲಿವ್ ಬೆಳೆಯ ಬಗ್ಗೆ ಮಾತಾಡಿ, ಬಂದ ವಿಷಯಕ್ಕೆ ಬಂದ. ತನ್ನ ಮೊಮ್ಮಗನಿಗೆ ದುರ್ರಾಳನ್ನು ಕೇಳುವ ಆಲೋಚನೆ ಇದೆಯಂತೆ. ಹಣ ನೋಡುವುದಿಲ್ಲ, ನಡತೆ ನೋಡುತ್ತೇನೆ ಎಂದ. ಹಿರಿಯರ ಎದುರು ನೆಟ್ಟಗೆ ನಿಲ್ಲುವ ಮನೆತನ ಬೇಕು.

ತಿಜಾನಿಯ ಎದೆ ಒಂದು ಗಳಿಗೆ ಉಬ್ಬಿತು. ಇದನ್ನು ಮುಚ್ಚುಮರೆಯಿಲ್ಲದೆ ಹೇಳಿಬಿಡಬೇಕು: ಆ ಒಂದು ಗಳಿಗೆ ಅವನು ಮದ್ದನ್ನೂ ಮರೆತ, ಮಗಳ ತೊಡೆಯನ್ನೂ ಮರೆತ. ಗಾಣಗಳ ಒಡೆಯನ ಮನೆ, ತಾನು ಪುರಸಭೆಯ ಜವಾನ. ಇಷ್ಟು ವರ್ಷ ನಿಂತದ್ದು ಕಡೆಗೂ ಫಲ ಕೊಟ್ಟಿತು ಅನ್ನಿಸಿತು. ಆಮೇಲೆ ಅಡುಗೆಮನೆಯ ಕಡೆ ಕಣ್ಣು ಹೋಯಿತು. ದುರ್ರಾ ಪಾತ್ರೆ ತೊಳೆಯುವ ಕಲ್ಲನ್ನು ಎರಡೂ ಕೈಯಿಂದ ಹಿಡಿದು ನಿಂತಿದ್ದಳು, ಮೊಣಕಾಲುಗಳು ಗಡಗಡ ನಡುಗುತ್ತಿದ್ದವು. ಪಕ್ಕದಲ್ಲಿ ನಜೀಹಾ ಅವಳ ಸೊಂಟಕ್ಕೆ ಕೈ ಕೊಟ್ಟು ಗಂಡನನ್ನೇ ನೋಡುತ್ತಿದ್ದಳು. ಅವನ ಮನಸ್ಸು ತಟ್ಟನೆ ಕಹಿಯಾಯಿತು. ಹುಡುಗಿ ಇನ್ನೂ ಓದುತ್ತಿದ್ದಾಳೆ ಹಾಜಿ, ಈಗಲೇ ಬೇಡ ಎಂದ. ಹಾಜಿ ಅದನ್ನೂ ವಿನಯವೆಂದೇ ತಿಳಿದು, ಮೆಚ್ಚಿಕೊಂಡು ಹೊರಟ. ಈ ಮನುಷ್ಯನ ಕೈಯಲ್ಲಿ ಕೆಟ್ಟ ಹೆಸರು ತೆಗೆದುಕೊಳ್ಳುವುದು ಅಷ್ಟು ಸುಲಭವಿರಲಿಲ್ಲ.

"ಅವನ ಮೊಮ್ಮಗ ಮೂಗಲ್ಲಿ ಮಾತಾಡ್ತಾನೆ ಬಾಬಾ" ಎಂದಳು ದುರ್ರಾ, ಕಲ್ಲನ್ನು ಬಿಡದೆಯೇ. "ಬೇಡ ಅಂದಿದ್ದು ಒಳ್ಳೇದಾಯ್ತು."

ಮರುಪರೀಕ್ಷೆಯ ದಿನ ಬಂತು. ತೂನಿಸ್‌ವರೆಗೆ ಬಸ್ಸಿನಲ್ಲಿ ತಿಜಾನಿ ಕಂಬಿ ಹಿಡಿದು ನಿಂತೇ ಬಂದ, ದುರ್ರಾ ಹಾಡು ಗುನುಗುತ್ತಲೇ ಇದ್ದಳು. ತಿಜಾನಿಗೆ ಅದು ಹೆದರಿಕೆಯ ಹಾಡೆಂದು ಗೊತ್ತಿತ್ತು. ಆಸ್ಪತ್ರೆಯಲ್ಲಿ ಸಲ್ವಾ ಈ ಸಲ ಬುದ್ಧಿ ಕಲಿತಿದ್ದಳು. ಚಾಪೆಯನ್ನು ಕೋಣೆಯ ನಟ್ಟನಡುವೆ ಹಾಸಿದ್ದಳು. ಮಂಚ ದೂರ, ಗೋಡೆ ದೂರ. ತಿಜಾನಿಗೆ ಮತ್ತೆ ಕುರ್ಚಿ ತೋರಿಸಿದಳು, ಅವನು ಮತ್ತೆ ಬೇಡವೆಂದ. ದುರ್ರಾ ಮಲಗಿದಳು. ಸಲ್ವಾ ಹೂಂ ಎಂದಳು. ದುರ್ರಾ ಏಳಲಿಲ್ಲ.

ಸಲ್ವಾ ಗಡಿಯಾರವನ್ನು ನಿಲ್ಲಿಸಿ, ನೋವೇ ಎಂದು ಕೇಳಿದಳು. ದುರ್ರಾ ಚಾವಣಿ ನೋಡುತ್ತ ಇಲ್ಲವೆಂದು ತಲೆಯಾಡಿಸಿದಳು. ಮತ್ತೊಮ್ಮೆ ಶುರು ಮಾಡೋಣ, ಆದರೆ ನಿಯಮದ ಪ್ರಕಾರ ಇದು ಕಡೆಯದು ಎಂದಳು ಸಲ್ವಾ.

"ಬಾಬಾ ಹೊರಗೆ ಹೋಗ್ಲಿ" ಎಂದಳು ದುರ್ರಾ.

ತಿಜಾನಿಗೆ ಮುಖಕ್ಕೆ ಹೊಡೆದಂತಾಯಿತು. ಮದುವೆಯಾಗದ ಮಗಳನ್ನು ಪರಸ್ಥಳದಲ್ಲಿ ಬಿಟ್ಟು ಹೊರಗೆ ಹೋಗುವುದೇ? ಮತ್ತೆ ಉಪದೇಶ ಶುರು ಮಾಡಿದ. ಇಲ್ಲಿ ನಮ್ಮೂರಿನವರು ಯಾರೂ ಇಲ್ಲ, ಹಾಜಿ ಇಲ್ಲ, ಯಾರು ಏನಂದಾರೋ ಎಂಬ ಭಯ ಬೇಡ...

"ಊರಿಗೆ ಯಾರು ಹೆದರ್ತಾರೆ ಬಾಬಾ? ಹಾಜಿ ಮುಂದೆ ನೂರು ಸಲ ಬಿದ್ದೇಳ್ತೀನಿ." ಅವಳ ಕಣ್ಣಿನ ಕೊನೆಯಿಂದ ನೀರು ಕಿವಿಯ ಕಡೆ ಇಳಿಯುತ್ತಿತ್ತು. "ನೀನು ನೋಡ್ಬಾರ್ದು ಅಷ್ಟೇ. ನಾನು ಏಳೋದು ಅಸಹ್ಯವಾಗಿರುತ್ತೆ, ಪ್ರಾಣಿ ಥರ. ನಿನಗೆ ಇರೋಳು ನಾನೊಬ್ಳು. ನೀನು ಗಟ್ಟಿ ಮನುಷ್ಯ, ಜೀವನ ಪೂರ್ತಿ ನಿಂತೋನು. ನಿನ್ನ ಮಗಳು ಹೀಗೆ ತೆವಳೋದು ನೋಡಿದ್ರೆ ನಿನ್ನ ಎದೆ ಒಡೆದುಹೋಗುತ್ತೆ. ಅದಕ್ಕೇ ಆವತ್ತು ಮಂಚ ಹಿಡ್ಕೊಂಡೆ."

ಸಲ್ವಾ ಕಿಟಕಿಯ ಕಡೆ ತಿರುಗಿಕೊಂಡಳು. ತಿಜಾನಿ ನಿಂತಿದ್ದ. ಬೇರೇನೂ ಮಾಡಬೇಕಾಗಿರಲಿಲ್ಲ; ಬಾಗಿಲು ಹತ್ತಿರವೇ ಇತ್ತು. ಹೊರಗೆ ಹೋಗಿ ನಿಂತರೆ ಮಗಳು ಏಳುತ್ತಿದ್ದಳು, ಜಾಗ ಸಿಗುತ್ತಿತ್ತು, ಅವನ ಗುಟ್ಟು ಅವನಲ್ಲೇ ಉಳಿಯುತ್ತಿತ್ತು. ಬಾಗಿಲಲ್ಲಿ ನಿಲ್ಲುವುದರಲ್ಲಿ ಅವನನ್ನು ಮೀರಿಸಿದವರು ಯಾರಿದ್ದಾರೆ? ಅವನು ಎರಡು ಹೆಜ್ಜೆ ಆ ಕಡೆ ಇಟ್ಟದ್ದೂ ನಿಜ. ಆದರೆ ಬಾಗಿಲ ಹಿಡಿಯ ಮೇಲೆ ಕೈಯಿಟ್ಟಾಗ ಅವನಿಗೆ ಹೊಳೆಯಿತು: ಈ ಹುಡುಗಿ ಇನ್ನು ಬಾಳಿನುದ್ದಕ್ಕೂ ಒಬ್ಬ ಗಟ್ಟಿ ಅಪ್ಪನಿಂದ ಬಚ್ಚಿಟ್ಟುಕೊಳ್ಳುತ್ತಲೇ ಇರುತ್ತಾಳೆ. ಅಂಥ ಅಪ್ಪನೊಬ್ಬ ಇಲ್ಲವೇ ಇಲ್ಲ. ಇಲ್ಲದವನ ಎದೆ ಒಡೆಯಬಾರದೆಂದು ಇವಳು ತನ್ನ ಮೈ ಮುರಿದುಕೊಳ್ಳುತ್ತಿದ್ದಾಳೆ.

ಅವನು ತಿರುಗಿ ಬಂದ. ಕೋಟು ಬಿಚ್ಚಿ, ಸಲ್ವಾ ತೋರಿಸಿದ್ದ ಕುರ್ಚಿಯ ಮೇಲಿಟ್ಟ. ಚಾಪೆಯ ಅಂಚಿಗೆ ಬಂದು, ಮೊಣಕಾಲಿನ ಮೇಲೆ ಕೈಯೂರಿ, ಮೆಲ್ಲಗೆ ಬಗ್ಗಿದ. ಅರ್ಧ ದಾರಿಯವರೆಗೆ ತೊಡೆ ತಡೆಯಿತು, ಆಮೇಲೆ ಕೈಬಿಟ್ಟಿತು. ಮೂಟೆ ಇಳಿಸಿದಂತೆ ಧಪ್ಪೆಂದು ನೆಲಕ್ಕೆ ಬಿದ್ದ. ಸಲ್ವಾ ಓಡಿಬಂದಳು. ಅವನು ಬೇಡವೆಂದು ಕೈ ಮಾಡಿದ.

"ನೋಡು" ಎಂದ ಮಗಳಿಗೆ.

ಹೊಟ್ಟೆಯ ಮೇಲೆ ಹೊರಳಿದ. ಕೈ ಕಾಲು ನಾಲ್ಕನ್ನೂ ಊರಿ, ಹಿಂಭಾಗವನ್ನು ಮೇಲೆತ್ತಿದ. ಒಂದು ಕೈಯನ್ನು ಮುಂಗಾಲಿಗೆ ತಂದ, ಇನ್ನೊಂದನ್ನು ಮೊಣಕಾಲಿಗೆ. ಹಣೆಯಿಂದ ಬೆವರು ಚಾಪೆಗೆ ತೊಟ್ಟಿಕ್ಕಿತು. ತನ್ನದೇ ಮೈಯನ್ನು ಹಿಡಿದು ಹತ್ತುತ್ತ ತೊಡೆಯವರೆಗೆ ಬಂದ, ಅಲ್ಲಿ ಕೈ ಜಾರಿತು, ಮತ್ತೆ ಬಿದ್ದ. ಅನುಭವಸ್ಥೆ ಸಲ್ವಾಳ ಹೆಬ್ಬೆರಳು ತನಗರಿಯದೆ ಗಡಿಯಾರದ ಗುಂಡಿಯ ಮೇಲೆ ಹೋಗಿತ್ತು. ಇನ್ನೊಮ್ಮೆ ಪ್ರಯತ್ನಿಸಿ, ಇನ್ನೊಮ್ಮೆ ಬಿದ್ದು, ತಿಜಾನಿ ಕಾಲು ಚಾಚಿ ಕೂತುಬಿಟ್ಟ. ಉಸಿರು ಹತೋಟಿಗೆ ಬರಲು ಸ್ವಲ್ಪ ಹೊತ್ತು ಬೇಕಾಯಿತು.

"ನನಗೂ ಏಳಕ್ಕಾಗಲ್ಲ ಕಣೇ. ನೀನು ಹುಟ್ಟೋಕೆ ಮುಂಚಿಂದ್ಲೂ."

ದುರ್ರಾ ತಲೆ ಮಾತ್ರ ತಿರುಗಿಸಿ ಅಪ್ಪನನ್ನು ನೋಡಿದಳು. ಅವನು ಇಷ್ಟು ಕೆಳಗೆ, ತನ್ನ ಮುಖದ ಮಟ್ಟದಲ್ಲಿ ಇದ್ದದ್ದನ್ನು ಅವಳು ಎಂದೂ ನೋಡಿರಲಿಲ್ಲ. ಮೂಗಿನ ಕೆಳಗಿನ ಬಿಳಿಕೂದಲು ಕೂಡ ಹೊಸದಾಗಿ ಕಂಡಿತು. ಅವಳು ಕಿವಿಯ ಬಳಿ ಇಳಿದಿದ್ದ ನೀರನ್ನು ಒರೆಸಿಕೊಂಡಳು. ಆಮೇಲೆ ಸಲ್ವಾಳ ಕಡೆ ನೋಡಿ, ಈಗ ಅಳೆಯಿರಿ ಎಂದಳು.

ಸಲ್ವಾ ಹೂಂ ಎಂದಳು. ದುರ್ರಾ ಹೊರಳಿದಳು, ನಾಲ್ಕೂ ಊರಿದಳು, ಮೊಣಕಾಲಿಗೆ ಕೈ, ತೊಡೆಗೆ ಕೈ. ಅಪ್ಪ ಹತ್ತಿದ್ದ ಅದೇ ಏಣಿ. ಅವಳಿಗೆ ಮಾತ್ರ ಕಡೆಯ ಮೆಟ್ಟಿಲವರೆಗೂ ಸಿಕ್ಕಿತು. ನಡುವೆ ಒಂದು ಕಡೆ ನಿಂತು ಉಸಿರೆಳೆದುಕೊಂಡಳು, ಆಗ ತಿಜಾನಿ ತುಟಿ ಕಚ್ಚಿ ಹಿಡಿದಿದ್ದ. ಅವನ ಎದೆ ಒಡೆಯಿತೇ ಎಂದರೆ ಒಡೆಯಿತು. ಅದರಲ್ಲಿ ಮಗಳ ಎಣಿಕೆ ತಪ್ಪಿರಲಿಲ್ಲ. ಆದರೂ ಅವನು ಕಣ್ಣು ತೆಗೆಯಲಿಲ್ಲ. ಅವಳು ನೆಟ್ಟಗಾದಾಗ ಸಲ್ವಾ ಗುಂಡಿ ಒತ್ತಿ, ಬರೆದುಕೊಂಡು, ನಿಯಮ ಹೇಳುವ ಎರಡು ಗೆರೆಗಳ ನಡುವೆ ಬಂತು ಎಂದಳು.

ಸುದ್ದಿ ಕೇಳಿ ಡಾಕ್ಟರ್ ರಫೀಕಾ ಬಂದಳು. ತಿಜಾನಿ ಕೂತಲ್ಲಿಂದಲೇ ಸಲಾಮು ಹೇಳಿದ. ಡಾಕ್ಟರು ಅವನನ್ನೊಮ್ಮೆ ನೋಡಿ, ಏನನ್ನೂ ಕೇಳದೆ ಮಂಚದ ಅಂಚಿಗೆ ಕೂತು, ಅಧ್ಯಯನದ ಕ್ರಮವನ್ನು ವಿವರಿಸಿದಳು. ಜಾಗ ಸಿಕ್ಕಿದೆ. ಆದರೆ ಸಿಕ್ಕವರಲ್ಲಿ ಅರ್ಧ ಜನಕ್ಕೆ ನಿಜವಾದ ಮದ್ದು, ಅರ್ಧ ಜನಕ್ಕೆ ಮದ್ದಿನಂತೆಯೇ ಕಾಣುವ, ಒಳಗೇನೂ ಇಲ್ಲದ ನೀರು. ಯಾರಿಗೆ ಯಾವುದು ಎಂದು ರೋಗಿಗೂ ತಿಳಿಸುವುದಿಲ್ಲ, ತನಗೂ ತಿಳಿಸುವುದಿಲ್ಲ, ಅಧ್ಯಯನ ಮುಗಿಯುವವರೆಗೆ ಎಲ್ಲರಿಂದಲೂ ಮುಚ್ಚಿಡಬೇಕು. ಇದು ಕಷ್ಟ, ಆದರೆ ಬೇರೆ ದಾರಿಯಿಲ್ಲ ಎಂದಳು.

"ಮುಚ್ಚಿಡೋದು ಏನು ಕಷ್ಟ ಡಾಕ್ಟರಮ್ಮ" ಎಂದ ತಿಜಾನಿ. "ನನ್ನನ್ನ ಕೇಳಿದ್ರೆ ಹೇಳಿಕೊಡ್ತಿದ್ದೆ."

ಡಾಕ್ಟರು ನಗಲಿಲ್ಲ, ಮುಂದಿನ ರೋಗಿ ಕಾಯುತ್ತಿದ್ದಾರೆಂದು ಹೋದಳು. ಸಲ್ವಾ, ಇವರನ್ನು ಎತ್ತಲು ಒಬ್ಬ ಗಂಡಾಳನ್ನು ಕರೆತರುತ್ತೇನೆಂದು ಹೊರಟಳು. ಅದಕ್ಕೂ ಮೊದಲೇ ದುರ್ರಾ ತಾನೇ ಎತ್ತುತ್ತೇನೆಂದು ಎರಡೂ ಕೈ ಚಾಚಿದಳು. ತಿಜಾನಿ ಹಿಡಿದುಕೊಂ‍ಡ. ಅವಳು ಎಳೆದಳು. ಅವನಿಗೆ ಏಳುವ ಬಲವಿರಲಿಲ್ಲ, ಅವಳಿಗೆ ಎತ್ತುವ ಬಲವಿರಲಿಲ್ಲ. ಅವನು ಮೇಲೆ ಬರುವ ಬದಲು ಅವಳೇ ಕೆಳಗೆ ಬಂದಳು. ಇಬ್ಬರೂ ಚಾಪೆಯ ಮೇಲೆ ಒಬ್ಬರಿಗೊಬ್ಬರು ಒರಗಿಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು.

ನಗು ನಿಂತ ಮೇಲೆ ದುರ್ರಾ ಅವನ ಭುಜಕ್ಕೆ ತಲೆಯಿಟ್ಟು ಕೇಳಿದಳು.

"ಊರಲ್ಲಿ ನಿಂತಿದ್ದು ಸರಿ ಬಾಬಾ. ಹಾಜಿ ಇದ್ದ, ಅಧ್ಯಕ್ಷರಿದ್ರು. ಮನೇಲಿ ಯಾಕೆ ನಿಂತೇ ಇರ್ತಿದ್ದೆ? ಮನೇಲಿ ಯಾರಿದ್ರು?"

"ನೀನಿದ್ದೆಯಲ್ಲ" ಎಂದ ತಿಜಾನಿ.